ಅಜ್ಜ ಮಾಡಿದ ಇಂಟರ್ನೆಟ್ ವಾಟ್ನಿ

ನಮ್ಮ ಅಜ್ಜ ನಿಜಗುಣಪ್ಪನಿಗೆ ಬೈಲಹೊಂಗಲದಲ್ಲಿ ಮನೆಯಿದೆ, ಹೊಲವಿದೆ, ಸವದತ್ತಿ ದಾರಿಯ ಬಾವಿಯೊಂದರಲ್ಲಿ ಅರ್ಧ ಪಾಲಿದೆ. ಆದರೂ ಅವನ ಕಸುಬೇನು ಎಂದು ಓಣಿಯಲ್ಲಿ ಕೇಳಿದರೆ ಯಾರೂ ಒಕ್ಕಲುತನ ಎನ್ನುವುದಿಲ್ಲ. ವಾಟ್ನಿ ಎನ್ನುತ್ತಾರೆ. ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ, ಎತ್ತು, ತಾಮ್ರದ ಹಂಡೆ, ಕೊನೆಗೆ ಹಿತ್ತಲಿನ ಕರಿಬೇವಿನ ಗಿಡವನ್ನೂ ಪಾಲು ಹಾಕಿಕೊಡುವುದಕ್ಕೆ ನಮ್ಮ ಕಡೆ ವಾಟ್ನಿ ಎಂದು ಹೆಸರು. ಕಿತ್ತೂರಿನಿಂದ ರಾಮದುರ್ಗದವರೆಗೆ ಯಾವ ಮನೆಯಲ್ಲಿ ಒಲೆ ಎರಡಾಗುವ ಲಕ್ಷಣ ಕಂಡರೂ ಒಂದು ಮೋಟರ್ ಸೈಕಲ್ ಬಂದು ನಮ್ಮ ಕಟ್ಟೆಯ ಮುಂದೆ ನಿಲ್ಲುತ್ತದೆ. ಅಜ್ಜ ಪಟಕಾ ಸುತ್ತಿಕೊಂಡು ಹಿಂದೆ ಹತ್ತಿ ಹೊರಟುಬಿಡುತ್ತಾನೆ.

ಅವನ ಪದ್ಧತಿ ಸರಳ. ಹಿರಿಯ ಪಾಲು ಹಾಕಬೇಕು, ಕಿರಿಯ ಆರಿಸಿಕೊಳ್ಳಬೇಕು. ಪಾಲು ಹಾಕಲು ಬಾರದ ಬಾವಿಯಂಥದ್ದನ್ನು ಪಾಳಿಯ ಮೇಲೆ ಬಳಸಬೇಕು, ಇಷ್ಟು ದಿನ ಇವನದು, ಇಷ್ಟು ದಿನ ಅವನದು. ಎಲ್ಲರೂ ಒಪ್ಪುವ ತನಕ ಅಜ್ಜ ಆ ಮನೆಯ ಚಹಾ ಮುಟ್ಟುವುದಿಲ್ಲ. ಚಹಾ ಇಲ್ಲದಿದ್ದರೆ ಅವನಿಗೆ ತಲೆ ಸಿಡಿಯುತ್ತದೆ, ಅದಕ್ಕೇ ಅವನ ವಾಟ್ನಿಗಳು ಬೇಗ ಮುಗಿಯುತ್ತವೆ ಎಂದು ನಮ್ಮ ಅಜ್ಜಿ ಸಾವಿತ್ರೆವ್ವ ಹೇಳುತ್ತಾಳೆ. ಅಜ್ಜ ಹೇಳುವುದು ಬೇರೆ. "ನಾ ಮಾಡಿದ ವಾಟ್ನಿ ಒಂದರ ಕೋರ್ಟಿನ ಮೆಟ್ಟಿಲಾ ಹತ್ತೈತೇನು, ಯಾರನ್ನರ ಕೇಳ್ರಿ!" ಈ ಮಾತನ್ನು ನಾನು ರೊಟ್ಟಿಯ ಜೊತೆ ಪಲ್ಯ ತಿಂದಷ್ಟು ಸಲ ಕೇಳಿದ್ದೇನೆ.

ನಮ್ಮ ಬಾವಿಯೂ ಪಾಳಿಯದೇ. ಅದರ ಇನ್ನರ್ಧ ಅಜ್ಜನ ತಮ್ಮ ಮಡಿವಾಳಪ್ಪನದು. ಅವರ ಮನೆ ನಮ್ಮ ಮನೆಯ ಪಕ್ಕದ್ದೇ, ನಡುವೆ ಒಂದು ಗೋಡೆ. ಮಂಗಳವಾರದಿಂದ ಗುರುವಾರದ ತನಕ ನೀರು ನಮ್ಮದು, ಶುಕ್ರವಾರದಿಂದ ರವಿವಾರದ ತನಕ ಅವರದು. ಸೋಮವಾರ ಯಾರದೂ ಅಲ್ಲ. ಸೋಮವಾರ ಬಸವಣ್ಣನ ವಾರ, ನಮ್ಮ ಕಡೆ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಬಾವಿಗೆ ಎತ್ತು ಹೋಗಿ ಕರೆಂಟಿನ ಮೋಟರು ಬಂದು ಎಷ್ಟೋ ಕಾಲವಾಯಿತು, ಅಜ್ಜ ಮಾತ್ರ ಆ ಸೂಟಿಯನ್ನು ಮೋಟರಿಗೂ ಮುಂದುವರಿಸಿದ್ದಾನೆ. ಆ ಬಾವಿಯ ಮೇಲೆ ಇಲ್ಲಿಯವರೆಗೆ ಒಂದೂ ಜಗಳವಾಗಿಲ್ಲ ಎಂಬುದು ಅವನ ಎರಡನೆಯ ಹೆಮ್ಮೆ.

ಇಂಥ ಮನುಷ್ಯನ ಕೈಗೆ ನಮ್ಮ ಕಾಲೇಜಿನ ಕಂಪ್ಯೂಟರ್ ಕ್ಲಬ್ಬಿನ ಡೊಮೇನ್ ಸಿಗಬಾರದಿತ್ತು. ಸಿಕ್ಕಿತು.

ನಾನು ಅನ್ನಪೂರ್ಣಾ, ಬಿಸಿಎ ವಿದ್ಯಾರ್ಥಿನಿ, ಕ್ಲಬ್ಬಿನ ಕಾರ್ಯದರ್ಶಿ. ಅಧ್ಯಕ್ಷ ಭೀಮಶಿ, ರಾಮದುರ್ಗ ಕಡೆಯ ತೊರಗಲ್ಲಿನವನು, ಬೈಲಹೊಂಗಲದಲ್ಲಿ ರೂಮು ಮಾಡಿಕೊಂಡು ಓದುತ್ತಾನೆ. ಮಾತು ಕಡಿಮೆ, ಹಟ ಜಾಸ್ತಿ. ಕ್ಲಬ್ಬಿಗೊಂದು ವೆಬ್‌ಸೈಟ್ ಬೇಕು, ವೆಬ್‌ಸೈಟಿಗೊಂದು ವಿಳಾಸ, ಅಂದರೆ ಡೊಮೇನ್ ಬೇಕು ಎಂದು ತೀರ್ಮಾನವಾಯಿತು. ಯಾವ ಹೆಸರು ಎಂದು ಆರಿಸುವ ಸಭೆ ನಮ್ಮ ಮನೆಯ ಕಟ್ಟೆಯ ಮೇಲೆ ಸೇರಿತು. ಲ್ಯಾಬಿನಲ್ಲೂ ಸೇರಬಹುದಿತ್ತು, ಆದರೆ ಲ್ಯಾಬಿನಲ್ಲಿ ಅಜ್ಜಿಯ ಶೇಂಗಾ ಚಟ್ನಿ ಸಿಗುವುದಿಲ್ಲ.

"ಕಿತ್ತೂರು ಅಂತ ಇಡೂಣು. ಇಡೀ ದೇಶಕ್ಕ ಗೊತ್ತಿರೋ ಹೆಸರು," ಎಂದಳು ಕಿತ್ತೂರಿನ ಸಪ್ನಾ.

"ದೇಶಕ್ಕ ಗೊತ್ತಿದ್ರ ಮತ್ತ ವೆಬ್‌ಸೈಟ್ ಯಾಕ ಬೇಕು? ನಮ್ಮ ತೊರಗಲ್ ಯಾರಿಗೂ ಗೊತ್ತಿಲ್ಲ, ಅದನ್ನ ಇಡೂಣು," ಎಂದ ಭೀಮಶಿ.

ಸವದತ್ತಿಯ ಸುನೀಲ ಎಲ್ಲಮ್ಮನ ಹೆಸರಿಡೋಣ, ಮಂದಿ ತಾನೇ ಬರುತ್ತದೆ ಎಂದ. ಬಂದ ಮಂದಿ ಕಾಯಿ ಎಲ್ಲಿ ಒಡೆಯಬೇಕು ಎಂದು ನಾನು ಕೇಳಿದೆ. ಎಲ್ಲರಿಗೂ ಒಪ್ಪಿಗೆಯಾದ ಒಂದೇ ಹೆಸರು ಹೊಳೆಯದು, ಮಲಪ್ರಭಾ. ನೋಡಿದರೆ ಅದನ್ನು ಯಾರೋ ಆಗಲೇ ಹಿಡಿದಿದ್ದರು. ಇಂಟರ್ನೆಟ್ಟಿನಲ್ಲಿ ಹೆಸರು ಹಿಡಿಯುವುದು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ, ಮೊದಲು ಹಾಕಿದವರದೇ ಸೀಟು.

ಮೂಲೆಯಲ್ಲಿ ಅಡಕೊತ್ತಿನಿಂದ ಅಡಿಕೆ ಕತ್ತರಿಸುತ್ತ ಕೂತಿದ್ದ ಅಜ್ಜನಿಗೆ ಇನ್ನು ತಡೆಯಲಾಗಲಿಲ್ಲ. "ನಾಕೂರಿನ ಹುಡುಗ್ರು ಕೂಡೀರಿ. ನಾಲ್ಕೂರು ಅಂತ ಇಡ್ರಿ. ಯಾರ ಮಾರೀನೂ ಸಣ್ಣದಾಗಂಗಿಲ್ಲ."

ನಾಲ್ಕೂರು ಡಾಟ್ ಇನ್ ಖಾಲಿಯಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಆಗ ಅಜ್ಜ ಎರಡನೆಯ ಪ್ರಶ್ನೆ ಹಾಕಿದ. "ಉತಾರ ಯಾರ ಹೆಸರಿಲೆ?"

ಉತಾರ ಎಂದರೆ ಹೊಲದ ಒಡೆತನದ ಕಾಗದ. ಇಂಟರ್ನೆಟ್ಟಿಗೆ ಉತಾರ ಇರುವುದಿಲ್ಲ ಅಜ್ಜಾ ಎಂದು ನಾನು ಹೇಳಬೇಕೆನ್ನುವಷ್ಟರಲ್ಲಿ, ಇರುತ್ತದೆ ಎಂದು ನನಗೇ ನೆನಪಾಯಿತು. ಯಾರದೋ ಒಬ್ಬರ ಹೆಸರಿನಲ್ಲಿ, ಯಾರದೋ ಒಂದು ಮೊಬೈಲ್ ನಂಬರಿನಲ್ಲಿ ನೋಂದಾಯಿಸಲೇಬೇಕು. ಸಪ್ನಾ ಭೀಮಶಿಯನ್ನು ನೋಡಿದಳು, ಭೀಮಶಿ ನನ್ನನ್ನು ನೋಡಿದ. ನಾವೆಲ್ಲ ಹೊಲಮನೆಯವರ ಮಕ್ಕಳು. ಯಾರ ಹೆಸರಿಗೆ ಹತ್ತುತ್ತದೋ ಆಸ್ತಿ ಅವರದೇ ಎಂಬುದು ನಮಗೆ ಅಂಗನವಾಡಿಯಲ್ಲೇ ಗೊತ್ತಾಗಿರುತ್ತದೆ. ಕೊನೆಗೆ ಪಂಚರಾಗಿ ಅಜ್ಜನ ಹೆಸರಿಗೇ ಇರಲಿ ಎಂದು ಎಲ್ಲರೂ ಒಪ್ಪಿದರು. ನಂಬರೂ ಅಜ್ಜನದೇ ಹಾಕಿದೆವು. ಇಷ್ಟಾದ ಮೇಲೆಯೇ ಅಜ್ಜ ಚಹಾ ಕುಡಿದ.

ಮರುದಿನದಿಂದ ಅವನ ಕಾಲು ನೆಲಕ್ಕೆ ಹತ್ತಲಿಲ್ಲ. "ನನ್ನ ಹೆಸರಿಲೆ ಇಂಟರ್ನೆಟ್‌ನ್ಯಾಗ ಒಂದು ಹೊಲ ಐತಿ," ಎಂದು ಓಣಿಗೆಲ್ಲ ಹೇಳಿದ. ನನ್ನ ಮೊಬೈಲಿನಲ್ಲಿ ಅದನ್ನು ತೋರಿಸಿದಾಗ ಬಹಳ ಹೊತ್ತು ನೋಡಿ, "ಮೂಡಣಕ್ಕ ಯಾರ ಹೊಲ ಬರತೈತಿ?" ಎಂದು ಕೇಳಿದ. ಯಾರದೂ ಇಲ್ಲ ಎಂದೆ. "ಗಡಿಗೆ ಬಾಂದ ಹಾಕಿಸು. ಇಲ್ಲಂದ್ರ ಒತ್ತರಸ್ತಾರ," ಎಂದ.

ಜಗಳ ಹತ್ತಿದ್ದು ಮುಂದಿನ ಪುಟದ ಮೇಲೆ. ನಾನೂ ಸಪ್ನಾಳೂ ಸೇರಿ ನಾಲ್ಕೂ ಊರಿನ ಬಸ್ಸುಗಳ ವೇಳೆ ತೋರಿಸುವ ಪುಟ ಮಾಡಿದ್ದೆವು. ಭೀಮಶಿ ಮತ್ತು ಸುನೀಲ ಹಳ್ಳಿಹಳ್ಳಿಗಳ ಕ್ರಿಕೆಟ್ ಪಂದ್ಯದ ಸ್ಕೋರು ತೋರಿಸುವ ಪುಟ ಮಾಡಿದ್ದರು. ನಾಲ್ಕೂರು ಡಾಟ್ ಇನ್ ಎಂದು ಒತ್ತಿದ ಕೂಡಲೇ ಯಾವುದು ಕಾಣಬೇಕು? ಒಂದೇ ಹೆಸರಿನ ಒಳಗೆ ಎರಡು ಬೇರೆ ಬೇರೆ ಕೋಣೆ ಮಾಡಬಹುದು ಎಂದು ನಮಗೂ ಗೊತ್ತಿತ್ತು, ಅದನ್ನೇ ನಾವು ಪಾಠದಲ್ಲಿ ಓದಿದ್ದೆವು. ಆದರೆ ತಲಬಾಗಿಲು ಬಿಟ್ಟು ಒಳಕೋಣೆಗೆ ಹೋಗಲು ಯಾರಿಗೂ ಮನಸ್ಸಿರಲಿಲ್ಲ. ಭೀಮಶಿಗೆ ಎಷ್ಟು ಹಟವಿತ್ತೋ ನನಗೂ ಅಷ್ಟೇ ಇತ್ತು, ಸುಳ್ಳು ಯಾಕೆ ಹೇಳಲಿ.

"ಪ್ರಿನ್ಸಿಪಾಲ್ರ ಕಡೆ ಹೋಗೂಣು, ಅವರ ಹೇಳಲಿ," ಎಂದ ಭೀಮಶಿ.

ಪ್ರಿನ್ಸಿಪಾಲರು ಕ್ಲಬ್ಬಿಗೆ ಅನುಮತಿ ಕೊಟ್ಟ ದಿನವೇ ಸ್ಪಷ್ಟವಾಗಿ ಹೇಳಿದ್ದರು, ಮೊದಲನೆಯ ದೂರು ಬಂದ ದಿನ ಕ್ಲಬ್ಬಿನ ಬಾಗಿಲಿಗೆ ಬೀಗ ಎಂದು. ಇದು ಅಜ್ಜನಿಗೂ ಗೊತ್ತಿತ್ತು. ಭೀಮಶಿಯ ಮಾತು ಕೇಳಿ ಅವನ ಮೀಸೆ ಕುಣಿಯಿತು. "ನನ್ನ ಹೆಸರಿಲೆ ಇದ್ದ ಆಸ್ತಿ ಪ್ರಿನ್ಸಿಪಾಲ್ರ ಕಟ್ಟಿ ಹತ್ತೂದು? ನಾ ಇನ್ನೂ ಬದುಕೇನೋ ತಮ್ಮಾ. ಕುಂದರ್ರಿ ಇಬ್ಬರೂ. ವಾಟ್ನಿ ಮಾಡತೇನಿ."

ಮಾಡಿಯೇಬಿಟ್ಟ. ತಲಬಾಗಿಲು ಪಾಲಾಗುವ ಮಾಲಲ್ಲ, ಆದ್ದರಿಂದ ಪಾಳಿ. ಮಂಗಳವಾರದಿಂದ ಗುರುವಾರ ಬಸ್ಸು, ಶುಕ್ರವಾರದಿಂದ ರವಿವಾರ ಕ್ರಿಕೆಟ್. ಸೋಮವಾರ ಡೊಮೇನಿಗೆ ಸೂಟಿ.

"ಅಜ್ಜಾ, ಇದಕ್ಕ ಎತ್ತು ಹೂಡಂಗಿಲ್ಲ," ಎಂದೆ.

"ಅದೂ ದುಡೀತೈತಿಲ್ಲೋ? ದುಡಿಯೋದಕ್ಕ ಒಂದು ದಿನ ದಣಿವಾರಿಸ್ಕೊಳ್ಳಾಕ ಬೇಕು."

ಹೀಗೆ ವಾರದ ಮೊದಲ ದಿನ, ಬಸ್ಸಿಗೆ ಅತಿ ಹೆಚ್ಚು ಮಂದಿ ಪರದಾಡುವ ದಿನ, ನಾಲ್ಕೂರು ಡಾಟ್ ಇನ್ ತೆರೆದರೆ ಒಂದು ಬಸವಣ್ಣನ ಚಿತ್ರ ಕಾಣುತ್ತಿತ್ತು. ಪಾಳಿ ಬದಲಿಸುವುದೂ ಒಂದು ಸಮಾರಂಭ. ಡೊಮೇನಿನ ಖಾತೆಗೆ ಒಳಹೊಗಲು ಒಟಿಪಿ ಬೇಕು, ಅದು ಬರುವುದು ಅಜ್ಜನ ಮೊಬೈಲಿಗೆ. ಎರಡೂ ಪಾರ್ಟಿಯವರು ಎದುರಿಗೆ ಕೂತಿರದಿದ್ದರೆ ಅಜ್ಜ ಒಟಿಪಿ ಹೇಳುತ್ತಿರಲಿಲ್ಲ. ಕೂತಿದ್ದರೂ ಕನ್ನಡಕ ಹುಡುಕಿ, ಒರೆಸಿ, ಒಂದೊಂದೇ ಅಂಕಿಯನ್ನು ಮಾಪಿನಿಂದ ಜೋಳ ಅಳೆದ ಹಾಗೆ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದು ಇನ್ನೊಂದು ತರಿಸಬೇಕಾಗುತ್ತಿತ್ತು. ನಾನೂ ಭೀಮಶಿಯೂ ಕಟ್ಟೆಯ ಎರಡು ತುದಿಗೆ ಕೂತಿರುತ್ತಿದ್ದೆವು. ಅವನು ಒತ್ತುತ್ತಿದ್ದ, ನಾನು ನೋಡುತ್ತಿದ್ದೆ. ಮುಂದಿನ ಸಲ ನಾನು ಒತ್ತುತ್ತಿದ್ದೆ, ಅವನು ನೋಡುತ್ತಿದ್ದ. ಮಾತಿನ ಅವಶ್ಯಕತೆಯೇ ಬೀಳುತ್ತಿರಲಿಲ್ಲ.

ತೊಂದರೆ ಏನೆಂದರೆ, ಹೆಸರು ಯಾವ ಪುಟದ ಕಡೆಗೆ ಕೈ ತೋರಿಸಬೇಕು ಎಂದು ಬದಲಿಸಿದ ಸುದ್ದಿ ಎಲ್ಲ ಮೊಬೈಲುಗಳಿಗೂ ಒಮ್ಮೆಲೇ ಮುಟ್ಟುವುದಿಲ್ಲ. ಕೆಲವಕ್ಕೆ ಕೂಡಲೇ ಮುಟ್ಟುತ್ತದೆ, ಕೆಲವಕ್ಕೆ ಮರುದಿನ. ಹೀಗಾಗಿ ಒಂದು ಶುಕ್ರವಾರ ತೊರಗಲ್ಲಿನಲ್ಲಿ ಫೈನಲ್ ಸ್ಕೋರು ನೋಡಲು ಮೊಬೈಲ್ ಹಿಡಿದು ಕೂತ ಮಂದಿಗೆ ಕಿತ್ತೂರು ಬಸ್ಸಿನ ವೇಳೆ ಕಂಡಿತು. ಭೀಮಶಿ ಅಂದೇ ಸಂಜೆ ನಮ್ಮ ಕಟ್ಟೆ ಹತ್ತಿದ. "ಅಜ್ಜಾರ, ನಿಮ್ಮ ಮೊಮ್ಮಗಳು ನಮ್ಮ ಪಾಳ್ಯಾಗ ಕದ್ದು ನೀರು ಹಾಯಿಸ್ಯಾಳ್ರಿ!"

ನಾನು ಇಂಥದು ಹೀಗಾಗುತ್ತದೆ, ಅದು ನಿನಗೂ ಗೊತ್ತು ಎಂದು ಕೂಗಾಡಿದೆ. ಅಜ್ಜ ಕೈ ಎತ್ತಿ ಸುಮ್ಮನಾಗಿಸಿದ. "ಮೋಟರ್ ಬಂದ್ ಮಾಡಿದ್ರೂ ಕಾಲುವ್ಯಾಗಿನ ನೀರು ಹರೀತಿರತೈತಿ. ಅದಕ್ಕ ಕಳವು ಅನ್ನಬಾರದು," ಎಂದ. ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಿಲ್ಲ. "ಇನ್ನ ಮ್ಯಾಲೆ ಎರಡೂ ಪಾಳಿ ನಡುವ ಒಂದು ದಿನ ಖಾಲಿ ಬಿಡ್ರಿ. ಕಾಲುವಿ ಒಣಗಲಿ."

ಕಾಲುವೆ ಒಣಗಿಸುವ ದಿನಗಳು ಬಂದವು, ಸೋಮವಾರದ ಸೂಟಿ ಇತ್ತೇ ಇತ್ತು, ಆಮೇಲೆ ಅಮಾವಾಸ್ಯೆಯೂ ಸೇರಿತು. ವೆಬ್‌ಸೈಟಿನಲ್ಲಿ ಬಸ್ಸಿಗಿಂತ, ಕ್ರಿಕೆಟ್ಟಿಗಿಂತ ಬಸವಣ್ಣನೇ ಹೆಚ್ಚು ದಿನ ಕಾಣತೊಡಗಿದ. ಯಾವ ದಿನ ಯಾರ ಪಾಳಿ ಎಂಬುದು ನಮಗೆ ಬಿಟ್ಟರೆ ಊರಿನವರಿಗೆ ಗೊತ್ತಿರಲಿಲ್ಲ. ಅಜ್ಜಿಯ ಅಕ್ಕ ರಾಚವ್ವ ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ರಾಮದುರ್ಗದ ಬಸ್ಸು ಕಾಯುತ್ತ ನಿಂತಿದ್ದಳು. ಈಗ ಹುಡುಗರ ಮೊಬೈಲಿನಲ್ಲಿ ಬಸ್ಸಿನ ಸುದ್ದಿ ಬರುತ್ತದೆ ಎಂದು ನಮ್ಮ ಮನೆಯಲ್ಲೇ ಕೇಳಿದ್ದಳು. ಅಲ್ಲೇ ಮೊಬೈಲ್ ನೋಡುತ್ತ ನಿಂತಿದ್ದ ಸುನೀಲನನ್ನು ಕೇಳಿದಳು, "ರಾಮದುರ್ಗ ಏನಾತಪಾ?"

ಸುನೀಲ ರಾಮದುರ್ಗ ತಂಡದ ಸ್ಕೋರಿನಿಂದ ಕಣ್ಣು ತೆಗೆಯದೆ, "ಮೂರು ಹೋಗ್ಯಾವ ಆಯಿ, ಇನ್ನೂ ಏಳು ಅದಾವ," ಎಂದ.

ಏಳು ಬಸ್ಸು ಇನ್ನೂ ಇವೆಯಲ್ಲ ಎಂದು ರಾಚವ್ವ ನೆರಳಿಗೆ ಹೋಗಿ ಬುತ್ತಿ ಬಿಚ್ಚಿದಳು. ರಾಮದುರ್ಗದ ಆ ದಿನದ ಕೊನೆಯ ಬಸ್ಸು ಅವಳ ಕಣ್ಣ ಮುಂದೆಯೇ ಹೋಯಿತು, ಅವಳು ಕೈ ಕೂಡ ಮಾಡಲಿಲ್ಲ. ಕತ್ತಲಾಗುವ ಮೊದಲು ನಮ್ಮ ಮನೆಗೆ ವಾಪಸು ಬಂದವಳು ಹೊಸ್ತಿಲಲ್ಲೇ ನಿಂತು ಅಜ್ಜನಿಗೆ ಶುರುಮಾಡಿದಳು. "ಊರ ಹೊಲ ಪಾಲು ಮಾಡಾವರು ಇದ್ದೊಂದು ಬಸ್ಸಿನ ಸುದ್ದಿ ಹದಗೆಡಿಸೀರಲ್ಲ! ನಿಮ್ಮ ಹೆಸರಿಲೆ ಐತೆಂತ ಆ ಆಸ್ತಿ?"

ಅಜ್ಜ ಆ ದಿನ ಅರ್ಧ ರೊಟ್ಟಿ ಬಿಟ್ಟ. ತನ್ನ ವಾಟ್ನಿ ಹಳಸುತ್ತಿದೆ ಎಂಬುದು ಅವನಿಗೆ ತಿಳಿದಿತ್ತು. ಎಲ್ಲಿ ತಪ್ಪಿತು ಎಂಬುದು ತಿಳಿದಿರಲಿಲ್ಲ. ಅವನನ್ನು ನೋಡಿ ನನಗೆ ಪಾಪವೆನಿಸಿತು, ಸಿಟ್ಟೂ ಬಂತು.

ಆಮೇಲಿನ ರವಿವಾರ ಭೀಮಶಿ ಬಂದ. ಕೈಯಲ್ಲಿ ಮಡಚಿದ ಹಾಳೆ ಇತ್ತು. ನನ್ನ ಕಡೆ ನೋಡಲಿಲ್ಲ, ಅಜ್ಜನ ಮುಂದೆ ನಿಂತ.

"ಅಜ್ಜಾರ, ನಿಮಗ ತಿಳಿಸದ ಹೋಗಬಾರದಂತ ಬಂದೇನ್ರಿ. ನಾಳೆ ಪ್ರಿನ್ಸಿಪಾಲ್ರಿಗೆ ಅರ್ಜಿ ಕೊಡಾಂವ ಅದೇನಿ. ಕ್ಲಬ್ ಮುಚ್ಚಿದ್ರೂ ಮುಚ್ಚಲಿ."

ಅಜ್ಜ ಅಡಕೊತ್ತು ಕೆಳಗಿಟ್ಟ. "ಪಾಳಿಯೊಳಗ ಏನ ತಪ್ಪೈತಿ ಹೇಳು ತಮ್ಮಾ. ನಮ್ಮ ಬಾವಿ ನೋಡು. ನನ್ನ ಮೊಮ್ಮಗಳು ಹುಟ್ಟೂಕಿಂತ ಮೊದಲಿಂದ ಪಾಳಿ ನಡದೈತಿ. ಒಂದ ಜಗಳ ತೋರಸು."

"ನಿಮ್ಮ ತಮ್ಮಾರೂ ಹಂಗ ಅಂತಾರೇನ್ರಿ?"

"ಅನ್ನದ ಏನ ಮಾಡತಾನ?"

"ಒಂದ ಸಲ ಕೇಳಿ ಹೇಳ್ರೆಲ್ಲ. ಬಾಜೂ ಮನಿನ ಐತೆಲ್ಲ," ಎಂದ ಭೀಮಶಿ. ಅವನು ಕುಹಕದಿಂದ ಕೇಳಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಅಜ್ಜ ಗೋಡೆಯ ಕಡೆ ನೋಡಿದ. ಉತ್ತರ ಒಳಗಿನಿಂದ ಬಂತು. ಅಜ್ಜಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳಿದಳು, "ಅವರು ಹೆಂಗ ಕೇಳ್ತಾರಪಾ? ವಾಟ್ನಿ ಆದಾಗಿಂದ ಅಣ್ಣತಮ್ಮ ಮಾತಾಡಿಲ್ಲ. ಮಾತಾಡದವರು ಜಗಳ ಹೆಂಗ ಮಾಡತಾರ?"

ನಾನು ಹುಟ್ಟಿದಾಗಿನಿಂದ ಅದು ಹಾಗೇ ಇತ್ತು. ಪಾಳಿ ಮುಗಿದ ದಿನ ಅಜ್ಜ ಮೋಟರಿನ ಕೀಲಿಯನ್ನು ಬಾವಿಯ ಕಲ್ಲಿನ ಮೇಲಿಟ್ಟು ಬರುತ್ತಿದ್ದ, ಸಣ್ಣಜ್ಜ ಮಡಿವಾಳಪ್ಪ ಬಂದು ತೆಗೆದುಕೊಳ್ಳುತ್ತಿದ್ದ. ನಾನು ಅದನ್ನು ಶಿಸ್ತು ಎಂದುಕೊಂಡಿದ್ದೆ. ಕಾರಣವನ್ನು ಅಜ್ಜಿ ಆ ದಿನವೇ ಹೇಳಿದಳು. ಅಣ್ಣತಮ್ಮ ಇಬ್ಬರ ವಾಟ್ನಿಯಲ್ಲಿ ಪಾಲು ಹಾಕಿದವನು ಹಿರಿಯನಾದ ಅಜ್ಜನೇ. ಊರ ಹತ್ತಿರದ ಹೊಲವನ್ನು ಮಡಿವಾಳಪ್ಪ ಆರಿಸಿಕೊಳ್ಳುತ್ತಾನೆ, ಹುಣಸೆಮರದ ಹೊಲ ತನಗೆ ಉಳಿಯುತ್ತದೆ ಎಂದು ಎಣಿಸಿ ಹಾಕಿದ್ದ. ಮಡಿವಾಳಪ್ಪ ಹುಣಸೆಮರದ ಹೊಲವನ್ನೇ ಆರಿಸಿದ. ನಿಯಮ ಅಜ್ಜನದೇ, ಬಾಯಿ ಬಿಡುವಂತಿರಲಿಲ್ಲ. ಅಂದು ಮುಚ್ಚಿದ ಬಾಯಿ ಇಂದಿನವರೆಗೂ ತೆರೆದಿರಲಿಲ್ಲ.

ನಾನು ಭೀಮಶಿಯನ್ನು ನೋಡಿದೆ. ಅವನೂ ನನ್ನನ್ನು ನೋಡಿದ. ಪಾಳಿ ಶುರುವಾದ ಮೇಲೆ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ, ಆಡಿದ್ದೆಲ್ಲ ಅಜ್ಜನ ಮುಂದೆ ಚಾಡಿ. ಮುಂದೊಂದು ದಿನ ನಾನೂ ಅವನೂ ಮುದುಕರಾಗಿ, ಕಲ್ಲಿನ ಮೇಲೆ ಪಾಸ್‌ವರ್ಡ್ ಇಟ್ಟು ಹೋಗುವುದು ನನ್ನ ಕಣ್ಣಿಗೆ ಕಟ್ಟಿತು. ಹೆದರಿಕೆಯಾಯಿತು.

"ಅರ್ಜಿ ಹರೀತಿಯೇನು?" ಎಂದೆ.

"ಸ್ಕೋರ್ ಮ್ಯಾಲ ಒಂದು ಸಾಲಿನ್ಯಾಗ ಬರಲಿ. ಕೆಳಗ ನಿನ್ನ ಬಸ್ ಇರಲಿ," ಎಂದ ಭೀಮಶಿ. ಆಡಿದ್ದರೆ ಮೊದಲ ದಿನವೇ ಆಡಬಹುದಾಗಿದ್ದ ಮಾತು.

ಅಜ್ಜ ಪಟಕಾ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬೋಳುತಲೆಯಲ್ಲಿ ಅವನು ಸಣ್ಣವನಾಗಿ ಕಂಡ. "ಮುರೀರಿ ಈ ವಾಟ್ನಿ," ಎಂದ. ಆ ಮಾತು ಅವನ ಬಾಯಿಂದ ಯಾವತ್ತೂ ಬಂದಿರಲಿಲ್ಲ, ಅಜ್ಜಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನೋಡಿದಳು. "ಕೋರ್ಟಿಗೆ ಹೋಗಲಿಲ್ಲಲ್ಲ, ಅಷ್ಟ ಸಾಕು. ಆದ್ರ ನನ್ನ ಒಬ್ಬನ ಹೆಸರಿಲೆ ಇರೂದು ಬ್ಯಾಡ. ಒಬ್ಬನ ಹೆಸರಿಲೆ ಇದ್ರ ಅಂವಗ ಸೊಕ್ಕು ಬರತೈತಿ."

ಖಾತೆಯಲ್ಲಿ ಎರಡನೆಯ ಹೆಸರು, ಎರಡನೆಯ ನಂಬರು ಸೇರಿಸಲು ಅವಕಾಶವಿತ್ತು. ಭೀಮಶಿ ಮೊಬೈಲಿನಲ್ಲಿ ಆ ಜಾಗ ತೆರೆದು ಕೈ ತಡೆದ. ತನ್ನದೋ ನನ್ನದೋ ಎಂದು ಕೇಳುವವನ ಹಾಗೆ ನನ್ನನ್ನು ನೋಡಿದ.

"ನಮ್ಮ ಮಡಿವಾಳಪ್ಪಂದು ಹಾಕು," ಎಂದ ಅಜ್ಜ.

"ನಂಬರ್ ಹೇಳ್ರಿ."

ಅಜ್ಜ ತನ್ನ ಮೊಬೈಲ್ ತೆಗೆದ. ಕಿತ್ತೂರು, ಸವದತ್ತಿ, ರಾಮದುರ್ಗ, ಹೂಲಿ, ಉಗರಗೋಳ, ಎಲ್ಲ ಊರಿನ ಎಲ್ಲ ಅಣ್ಣತಮ್ಮಂದಿರ ನಂಬರೂ ಅದರಲ್ಲಿದ್ದವು. 'ಮ' ಅಕ್ಷರದ ಹತ್ತಿರ ಅವನ ಬೆರಳು ಮೇಲೆ ಕೆಳಗೆ ಓಡಾಡಿತು. ಆಮೇಲೆ ನನ್ನನ್ನು ನೋಡಿದ, ಅಜ್ಜಿಯನ್ನು ನೋಡಿದ. ನಮ್ಮ ಹತ್ತಿರವೂ ಇರಲಿಲ್ಲ.

ಎದ್ದು ಹಿತ್ತಲಿಗೆ ಹೋದ. ನಾವೂ ಹಿಂದೆಯೇ ಹೋದೆವು. ಗೋಡೆಯ ಆ ಕಡೆ ಯಾರೋ ಬಕೆಟ್ಟಿಗೆ ನೀರು ಬಿಡುತ್ತಿದ್ದರು. ಅಜ್ಜ ಎರಡು ಸಲ ಕೆಮ್ಮಿದ. ಮೂರನೆಯ ಸಲ ಕೂಗಿದ.

"ಮಡಿವಾಳೂ, ನಿನ್ನ ನಂಬರ್ ಏನೋ?"

ನಲ್ಲಿ ನಿಂತಿತು. ನಾನು ಅಜ್ಜಿಯ ಕೈ ಹಿಡಿದುಕೊಂಡಿದ್ದೆ, ಅವಳ ಹಿಟ್ಟು ನನ್ನ ಕೈಗೆಲ್ಲ ಹತ್ತಿತ್ತು.

"ಯಾಕ?" ಎಂದಿತು ಆ ಕಡೆಯ ದನಿ.

"ಇಂಟರ್ನೆಟ್‌ನ್ಯಾಗ ಒಂದು ಹೊಲ ಐತಿ. ನಿನ್ನ ಹೆಸರೂ ಹಚ್ಚಬೇಕು."

ಆ ಕಡೆ ಬಕೆಟ್ಟು ಸರಿಸಿದ ಸದ್ದಾಯಿತು. "ನೀರಾವರಿ ಐತೇನು?"

ಅಜ್ಜ ತಿರುಗಿ ನಮ್ಮನ್ನು ನೋಡಿದ. ಹೌದೆನ್ನು ಎಂದು ಭೀಮಶಿ ಜೋರಾಗಿ ತಲೆ ಆಡಿಸಿದ.

"ಐತಿ," ಎಂದ ಅಜ್ಜ. "ಪಾಳಿ ಇಲ್ಲ."

ಆ ಕಡೆಯಿಂದ ನಂಬರು ಬಂತು, ಒಂದೊಂದೇ ಅಂಕಿ, ನಮ್ಮ ಅಜ್ಜನ ಹಾಗೆಯೇ ಅಳೆದು ಅಳೆದು. ಭೀಮಶಿ ಟೈಪ್ ಮಾಡಿ ಮುಗಿಸಿದ. ಆಯಿತು ಎಂದು ನಾನು ಅಜ್ಜನಿಗೆ ಸನ್ನೆ ಮಾಡಿದೆ. ಅಜ್ಜ ನೋಡಿದ. ನೋಡಿಯೂ ಗೋಡೆಗೆ ಇನ್ನಷ್ಟು ಹತ್ತಿರ ಸರಿದು, "ಸರಿ ಕೇಳಸಲಿಲ್ಲ ತಮ್ಮಾ, ಇನ್ನೊಮ್ಮೆ ಹೇಳು," ಎಂದ.